ಪಿಕಪ್ಪಿಗೆ ಗ್ಲೂಕೋಸ್ ಹಾಕಿದ ದಿನ

ಮಕ್ಕಳೇ, ಹೋದ ವಾರ ಬಾವಿಯ ರಾಟೆಯ ಬಗ್ಗೆ ಮಾತಾಡಿದ್ದೆವು. ಈ ವಾರದ್ದು ಸ್ವಲ್ಪ ದೊಡ್ಡ ಯಂತ್ರ. ನಮ್ಮ ಮನೆಯ ಹಳೆಯ ಡೀಸೆಲ್ ಪಿಕಪ್. ಇದರೊಳಗೆ ನಾನು ಮಾಡಿದ ಒಂದು ದೊಡ್ಡ ತಪ್ಪಿನ ಕಥೆಯೂ ಇದೆ. ಹೇಳಲು ಸ್ವಲ್ಪ ನಾಚಿಕೆ. ಆದರೆ ನಲವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು ತನ್ನ ತಪ್ಪನ್ನೇ ಮುಚ್ಚಿಟ್ಟರೆ ಹೇಗೆ? ಅಜ್ಜ ಅಜ್ಜಿಯರೂ ಜೊತೆಗೆ ಕೂತು ಓದಿ. ಕೊನೆಯಲ್ಲಿ ನಿಮಗೂ ನಾಲ್ಕು ಮಾತಿದೆ.

ನಮ್ಮ ಪಿಕಪ್ 1996ರದ್ದು. ಬಣ್ಣ ಬಿಳಿ ಅಂತ ಪುಸ್ತಕದಲ್ಲಿದೆ, ನೋಡಿದರೆ ಕೆಮ್ಮಣ್ಣು. ಬೆಳಗಾದರೆ ಹನ್ನೊಂದು ಮನೆಯ ಹಾಲಿನ ಕ್ಯಾನು ಹೇರಿಕೊಂಡು, ಆರು ಕಿಲೋಮೀಟರ್ ದೂರದ ಡೇರಿಗೆ ಹೋಗುತ್ತದೆ. ಅಡಿಕೆ ಕೊಯ್ಲು ಬಂದರೆ ಗೊನೆ ಹೊರುತ್ತದೆ. ಮದುವೆ ಇದ್ದರೆ ಪಾತ್ರೆ, ಬೆಂಚು, ಮಕ್ಕಳು ಎಲ್ಲ ಅದರಲ್ಲೇ. ಅದನ್ನು ಓಡಿಸುವವನು ನಮ್ಮೂರ ಹುಡುಗ. ಏಳನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ. ನನ್ನ ಮೊಮ್ಮಗಳು ಪುಟ್ಟಿ ಅವನನ್ನು ಡ್ರೈವರಣ್ಣ ಅಂತ ಕರೆಯುತ್ತಾಳೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ದೀಪಾವಳಿ ಕಳೆದು ಹದಿನೈದು ದಿನ ಆಗಿತ್ತು. ಪಿಕಪ್ ಒಂದು ಹೊಸ ಚಾಳಿ ಕಲಿಯಿತು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಮೂರು ನಾಲ್ಕು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ. ದೇವಸ್ಥಾನದ ಏರು ಬಂತು ಅನ್ನುವಾಗ ಉಸಿರು ಕಟ್ಟಿದ ಹಾಗೆ ಆಗಿ, ಎರಡು ಸಲ ಜಗ್ಗಿ, ನಿಂತುಬಿಡುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್! ಎರಡು ಸಲ ಡೇರಿಗೆ ಹಾಲು ತಡವಾಯಿತು. ಒಂದು ದಿನ ಎರಡು ಕ್ಯಾನು ಹಾಲು ಒಡೆದು ವಾಪಸು ಬಂತು. ಒಡೆದ ಹಾಲು ನಮ್ಮ ಮನೆಯದ್ದಲ್ಲ, ಒಂದೇ ಎಮ್ಮೆ ಇಟ್ಟುಕೊಂಡು ಸಂಸಾರ ಮಾಡುವವರದ್ದು.

ಪೇಟೆಗೆ ತೆಗೆದುಕೊಂಡು ಹೋದೆವು. ಫಿಲ್ಟರ್ ಬದಲಾಯಿತು. ಆಮೇಲೆ ಫೀಡ್ ಪಂಪಿನ ಒಳಗಿನ ಸಾಮಾನು ಬದಲಾಯಿತು. 3,000 ರೂಪಾಯಿಗೆ ಮೇಲೆ ಖರ್ಚಾಯಿತು. ಮಾರನೇ ದಿನ ಮತ್ತೆ ಅದೇ ಏರು, ಅದೇ ಜಗ್ಗಾಟ.

ಆಗ ಯಾರೋ ಕಟ್ಟೆಯ ಮೇಲೆ ಕೂತು ಹೇಳಿದರು, ‘ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದರೆ ಹೀಗೇ ಆಗೋದು ಮೇಷ್ಟ್ರೇ. ಡೀಸೆಲ್ ಹಾಕಿಸೋದು ಯಾರು?’

ಡೀಸೆಲ್ ಹಾಕಿಸುವುದು ಡ್ರೈವರಣ್ಣ. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಮಾರನೇ ದಿನ ಹಾಲಿನ ಕ್ಯಾನು ಇಡುವ ಜಾಗದಲ್ಲಿ, ಹತ್ತು ಜನರ ಎದುರು ಕೇಳಿಯೇ ಬಿಟ್ಟೆ. ‘ಡೀಸೆಲ್ ಮಾರ್ಕೊಂಡು ಸೀಮೆಎಣ್ಣೆ ಸುರೀತಿದ್ದೀಯೇನೋ?’

ಅವನು ಒಂದು ಮಾತೂ ಆಡಲಿಲ್ಲ. ನನ್ನ ಮುಖ ನೋಡಿದ. ಡೇರಿಗೆ ಹೋಗಿ ಹಾಲು ಇಳಿಸಿ ಬಂದು, ಕೀ ತಂದು ಜಗುಲಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ಪುಟ್ಟಿಯ ಅಜ್ಜಿ ಕೇಳಿದಳು. ‘ಅವನು ಬೆರೆಸಿದ್ದನ್ನ ನೀವು ನೋಡಿದ್ರಾ?’

‘ಇಲ್ಲ. ಆದರೆ...’

‘ನೋಡಿಲ್ಲ ಅಂದ್ಮೇಲೆ ಆದರೆ ಏನು ಬಂತು?’ ಅಂತ ಹೇಳಿ ಮಜ್ಜಿಗೆ ಬಡಿಸಿ ಎದ್ದು ಹೋದಳು.

ಪುಟ್ಟಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅವಳೀಗ ಏಳನೇ ತರಗತಿ. ‘ಅಜ್ಜಾ, ಡೀಸೆಲ್ ಟ್ಯಾಂಕಿಂದ ಇಂಜಿನ್ನಿಗೆ ಹೆಂಗೆ ಹೋಗ್ತದೆ? ದಾರಿ ಬರೆದು ತೋರಿಸು,’ ಅಂದಳು. ಗೋಡೆಯ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಗೆ ಬರೆದೆವು. ಮಕ್ಕಳೇ, ನೀವೂ ಒಂದು ಹಾಳೆ ತಗೊಳ್ಳಿ.

ಮೊದಲು ಟ್ಯಾಂಕ್. ಅದು ನಮ್ಮ ಬಚ್ಚಲ ಹಂಡೆ ಇದ್ದಹಾಗೆ. ಅದರೊಳಗೆ ತಳದವರೆಗೆ ಇಳಿದ ಒಂದು ಕೊಳವೆ. ಕೊಳವೆಯ ತುದಿಗೆ ಚಹಾ ಸೋಸುವ ಜಾಲರಿಯಂಥ ಒಂದು ಜಾಲರಿ. ಅಲ್ಲಿಂದ ಗಾಡಿಯ ಕೆಳಗೆ ಹಾದು ಮುಂದಕ್ಕೆ ಬರುವ ಪೈಪು. ಮುಂದೆ ಒಂದು ಚಿಕ್ಕ ಪಂಪು. ಇದೇ ಫೀಡ್ ಪಂಪು. ಬಾವಿಯಿಂದ ನೀರು ಎತ್ತುವ ಹಾಗೆ ಇದು ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ಎಳೆದದ್ದನ್ನು ಫಿಲ್ಟರಿಗೆ ತಳ್ಳುತ್ತದೆ. ಫಿಲ್ಟರಿನಲ್ಲಿ ಕಣ್ಣಿಗೆ ಕಾಣದ ಧೂಳೂ ನಿಲ್ಲುತ್ತದೆ. ಆಮೇಲೆ ಬರುವುದು ದೊಡ್ಡ ಪಂಪು, ಇಂಜೆಕ್ಷನ್ ಪಂಪು. ಕಡೆಯಲ್ಲಿ ನಾಜಲ್. ಸಿಲಿಂಡರಿಗೊಂದು. ಬಳಸದೆ ಮಿಕ್ಕ ಡೀಸೆಲ್ ಇನ್ನೊಂದು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ವಾಪಸು ಬರುತ್ತದೆ.

‘ಇಷ್ಟು ದೊಡ್ಡ ಪಂಪು ಯಾಕೆ?’ ಪುಟ್ಟಿಯ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಲು ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ನೋಡಿದ್ದೀರಲ್ಲ? ಇಲ್ಲಿ ಆ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗಾಳಿಯೊಳಗೆ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಆದರೆ ಅದುಮಿದ ಗಾಳಿಯ ಎದುರಿಗೆ ಸಿಂಪಡಿಸಬೇಕಲ್ಲ! ನಮ್ಮ ಸುತ್ತ ಇರುವ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಅದಕ್ಕೇ ದೊಡ್ಡ ಪಂಪು.

ಈ ಇಂಜಿನ್ನನ್ನು ಯೋಚಿಸಿದವನು ರುಡಾಲ್ಫ್ ಡೀಸೆಲ್. ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಅವನ ಇಂಜಿನ್ ಸರಿಯಾಗಿ ನಡೆಯಿತು. ನಾವು ಬಂಕಿನಲ್ಲಿ ‘ಡೀಸೆಲ್ ಹಾಕಿ’ ಅನ್ನುವಾಗ ದಿನಾ ಅವನ ಹೆಸರು ಹೇಳುತ್ತೇವೆ. ಸಣ್ಣ ಗಾಡಿಗೆ ಒಪ್ಪುವ ಇಂಜೆಕ್ಷನ್ ಪಂಪನ್ನು ಬಾಷ್ ಕಂಪನಿ ಜರ್ಮನಿಯಲ್ಲಿ 1927ರಿಂದ ಹೆಚ್ಚು ಸಂಖ್ಯೆಯಲ್ಲಿ ಮಾಡತೊಡಗಿತು. ನಮ್ಮ ಬೆಂಗಳೂರಿಗೂ ಇದಕ್ಕೂ ಹಳೆಯ ನಂಟಿದೆ. 1951ರಲ್ಲಿ ಅಲ್ಲಿ ಮೈಕೋ ಕಂಪನಿ ಶುರುವಾಯಿತು. ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ಇವೆಲ್ಲ ಅಲ್ಲಿ ತಯಾರಾದವು. ಹಳೇ ಮೇಸ್ತ್ರಿಗಳು ಇಂಜೆಕ್ಷನ್ ಪಂಪಿಗೆ ಇವತ್ತಿಗೂ ಮೈಕೋ ಪಂಪು ಅನ್ನುವುದು ಅದಕ್ಕೇ. ಅಜ್ಜಂದಿರಲ್ಲಿ ಯಾರಾದರೂ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿದ್ದರೆ ಈಗ ಮೀಸೆ ತಿರುವಿಕೊಳ್ಳಬಹುದು.

ಕ್ಯಾಲೆಂಡರ್ ಹಾಳೆಯಲ್ಲಿ ದಾರಿ ಮುಗಿಯಿತು. ಪುಟ್ಟಿ ಪೆನ್ಸಿಲ್ಲಿನಿಂದ ಆ ದಾರಿಯ ನಡುವೆ ಒಂದು ಗೆರೆ ಎಳೆದಳು. ‘ತೊಂದರೆ ಈ ಕಡೆಯೋ ಆ ಕಡೆಯೋ ಮೊದಲು ಗೊತ್ತಾದರೆ ಅರ್ಧ ಹುಡುಕೋದು ಉಳೀತದಲ್ವಾ ಅಜ್ಜಾ?’

ನಲವತ್ತು ವರ್ಷ ನಾನು ಹೇಳಿಕೊಟ್ಟ ಪಾಠವನ್ನು ಮೊಮ್ಮಗಳು ನನಗೇ ಹೇಳಿದಳು. ಭಾನುವಾರ ಅಂತ ನಿಶ್ಚಯ ಮಾಡಿದೆವು.

ಭಾನುವಾರ ಬೆಳಿಗ್ಗೆ ದೋಸೆ ತಿಂದು ಅಂಗಳಕ್ಕೆ ಇಳಿದೆವು. ಗಾಡಿಯನ್ನು ಅಡಿಕೆ ಚಪ್ಪರದ ಪಕ್ಕ ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಪುಟ್ಟಿಗೆ ಎರಡು ಕೆಲಸ. ಗಡಿಯಾರ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಸ್ಪ್ಯಾನರ್ ಕೆಲಸ ನನ್ನದು.

ಮೊದಲು ಅತಿ ಸುಲಭದ ಪ್ರಶ್ನೆ. ಡೀಸೆಲ್ ಇದೆಯೇ? ನಗಬೇಡಿ. ಹಳೇ ಗಾಡಿಯ ಮುಳ್ಳು ಸುಳ್ಳು ಹೇಳುತ್ತದೆ. ಒಂದು ಒಣ ಬಿದಿರ ಕಡ್ಡಿ ಇಳಿಸಿ ನೋಡಿದೆವು. ಅರ್ಧ ಟ್ಯಾಂಕ್ ಇತ್ತು.

ಎರಡನೆಯದು, ನೀರು ಸೇರಿದೆಯೇ? ನೀರು ಡೀಸೆಲ್ಲಿಗಿಂತ ಭಾರ. ಇದ್ದರೆ ತಳದಲ್ಲೇ ಇರಬೇಕು. ಟ್ಯಾಂಕಿನ ತಳದ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿದೆ. ಕಾಲು ಗಂಟೆ ಹಾಗೇ ಇಟ್ಟೆವು. ತಳದಲ್ಲಿ ಚಿಟಿಕೆ ತುಕ್ಕು, ಸಾಸಿವೆ ಕಾಳಿನಷ್ಟು ನೀರು. ಗಾಡಿ ನಿಲ್ಲುವಷ್ಟೇನಲ್ಲ.

ಮೂರನೆಯದು ಬಹಳ ಮುಖ್ಯ. ಕಾಯಿಲೆಯನ್ನು ಅಂಗಳದಲ್ಲೇ ತರಿಸಿ ನೋಡುವುದು. ಕಾಯಿಲೆ ಬಾರದಿದ್ದರೆ ಔಷಧಿ ಹಿಡಿಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ಸ್ಟಾರ್ಟ್ ಮಾಡಿ, ಆಕ್ಸಿಲರೇಟರನ್ನು ಸ್ವಲ್ಪ ಏರಿಸಿ ಬಿಟ್ಟೆ. 22 ನಿಮಿಷಕ್ಕೆ ಜಗ್ಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್. 19 ನಿಮಿಷಕ್ಕೆ ನಿಂತಿತು. ಪುಟ್ಟಿ ಎರಡನ್ನೂ ಬರೆದುಕೊಂಡಳು.

ಇನ್ನು ಗೆರೆಯ ಪರೀಕ್ಷೆ. ಟ್ಯಾಂಕಿನ ಕಡೆಯೋ, ಪಂಪಿನ ಕಡೆಯೋ? ಟ್ಯಾಂಕನ್ನು ದಾರಿಯಿಂದಲೇ ತೆಗೆದುಬಿಟ್ಟು ನೋಡಬೇಕು. ಒಂದು ಶುದ್ಧವಾದ ಐದು ಲೀಟರಿನ ಕ್ಯಾನು ತಂದು ಅದರ ಬುಡಕ್ಕೆ ಪೈಪು ಜೋಡಿಸಿದೆ. ಇಂಜಿನ್ನಿಗಿಂತ ಎತ್ತರಕ್ಕೆ ಚಪ್ಪರದ ಗಳಕ್ಕೆ ಕಟ್ಟಿ ತೂಗುಹಾಕಿದೆ. ಪುಟ್ಟಿ ಕೈ ಚಪ್ಪಾಳೆ ಹೊಡೆದು ನಕ್ಕಳು. ‘ಅಜ್ಜೀ, ಬಾ ಬಾ, ಪಿಕಪ್ಪಿಗೆ ಗ್ಲೂಕೋಸ್ ಹಾಕ್ತಿದೀವಿ!’

ಕ್ಯಾನಿಗೆ ತುಂಬಲು ಬಂಕಿನಿಂದ ಹೊಸ ಡೀಸೆಲ್ ತರುತ್ತೇನೆ ಅಂತ ಹೊರಟೆ. ಪುಟ್ಟಿ ತಡೆದಳು.

‘ಅಜ್ಜಾ, ಹೊಸ ಡೀಸೆಲ್ ಹಾಕಿದರೆ ಎರಡು ಬದಲಾಗ್ತದೆ. ಡೀಸೆಲ್ಲೂ ಬೇರೆ, ದಾರೀನೂ ಬೇರೆ. ಗಾಡಿ ಓಡಿದರೆ ಯಾವುದರಿಂದ ಓಡ್ತು ಅಂತ ಹೇಳ್ತೀಯ? ಇದೇ ಟ್ಯಾಂಕಿನ ಡೀಸೆಲ್ ಹಾಕು.’

ನಾನು ನಿಂತಲ್ಲೇ ನಿಂತೆ. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ಆಗ ಹೊಳೆಯಿತು. ಅವಳು ಬರೀ ಗಾಡಿಯನ್ನು ಪರೀಕ್ಷೆ ಮಾಡುತ್ತಿರಲಿಲ್ಲ.

ಅದೇ ಟ್ಯಾಂಕಿನ ತಳದಿಂದ ಡೀಸೆಲ್ ಇಳಿಸಿ, ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿದೆ. ಮಿಕ್ಕ ಡೀಸೆಲ್ ವಾಪಸು ಬರುವ ಪೈಪನ್ನೂ ಅದೇ ಕ್ಯಾನಿಗೆ ಇಳಿಬಿಟ್ಟೆ.

ಪೈಪು ಬಿಚ್ಚಿ ಕಟ್ಟಿದಾಗ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿಗೆ ಗಾಳಿ ಸೇರಿದ ಪೈಪು ಆಗುವುದಿಲ್ಲ. ಯಾಕೆ? ಗಾಳಿ ಅದುಮಿದರೆ ಕುಗ್ಗುತ್ತದೆ. ಪಂಪು ಒತ್ತಿದ್ದೆಲ್ಲ ಗಾಳಿಯನ್ನು ಕುಗ್ಗಿಸಲಿಕ್ಕೇ ಮುಗಿದುಹೋಗಿ ನಾಜಲ್ ತೆರೆಯುವುದೇ ಇಲ್ಲ. ಅದಕ್ಕೆ ಫಿಲ್ಟರಿನ ಮೇಲೆ ಒಂದು ಸ್ಕ್ರೂ ಇರುತ್ತದೆ, ಫೀಡ್ ಪಂಪಿನ ಮೇಲೆ ಕೈಯಲ್ಲಿ ಒತ್ತುವ ಗುಂಡಿ ಇರುತ್ತದೆ. ಸ್ಕ್ರೂ ಸಡಿಲಿಸಿ ಗುಂಡಿ ಒತ್ತುತ್ತ ಹೋದರೆ ಮೊದಲು ಬುಸಬುಸ ನೊರೆ ಬರುತ್ತದೆ. ನೊರೆ ನಿಂತು ಡೀಸೆಲ್ ಮಾತ್ರ ಬಂದಾಗ ಸ್ಕ್ರೂ ಬಿಗಿಯಬೇಕು. ಮೇಸ್ತ್ರಿಗಳು ಇದಕ್ಕೆ ‘ಏರ್ ತೆಗೆಯೋದು’ ಅನ್ನುತ್ತಾರೆ.

ಏರ್ ತೆಗೆದು ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷ. ಹದಿನೈದು. ಇಪ್ಪತ್ತು. ಪುಟ್ಟಿ ಉಗುರು ಕಚ್ಚುತ್ತ ಗಡಿಯಾರ ನೋಡುತ್ತಿದ್ದಳು. ಇಪ್ಪತ್ತೈದು. ಮೂವತ್ತು. 45 ನಿಮಿಷ ಆದರೂ ಇಂಜಿನ್ ಒಂದೇ ಸಮನೆ ಹಾಡುತ್ತಿತ್ತು. ನಾನೇ ಆಫ್ ಮಾಡಿದೆ.

ಪುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದಳು. ಜೋರಾಗಿ ಓದಿದಳು. ‘ದೊಡ್ಡ ಪಂಪು ಸರಿ. ಫೀಡ್ ಪಂಪು ಸರಿ. ಫಿಲ್ಟರ್ ಸರಿ. ನಾಜಲ್ ಸರಿ. ಡೀಸೆಲ್ ಸರಿ.’ ಸ್ವಲ್ಪ ತಡೆದು, ತಲೆ ಎತ್ತದೆ ಇನ್ನೊಂದು ಸಾಲು ಬರೆದಳು. ‘ಡ್ರೈವರಣ್ಣ ಸರಿ.’

ನನಗೆ ಮಾತು ಹೊರಡಲಿಲ್ಲ. ಅಜ್ಜಿ ಜಗುಲಿಯಿಂದ ನೋಡುತ್ತಿದ್ದವಳು ಒಳಗೆ ಹೋದಳು.

ಆದರೆ ಕೆಲಸ ಮುಗಿದಿರಲಿಲ್ಲ. ತೊಂದರೆ ಟ್ಯಾಂಕಿನ ಕಡೆ ಅಂತಾಯಿತು. ಅಲ್ಲಿ ಮೂರು ಸಾಧ್ಯತೆ ಉಳಿದವು.

ಒಂದು, ಟ್ಯಾಂಕಿಗೆ ಉಸಿರು ಕಟ್ಟಿರಬಹುದು. ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೊಂದು ಸಣ್ಣ ತೂತು ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಮುಚ್ಚಳದಲ್ಲೇ ಇರುತ್ತದೆ. ಕೆಸರು ಮೆತ್ತಿ ತೂತು ಮುಚ್ಚಿದರೆ ಒಳಗೆ ಎಳೆತ ಹುಟ್ಟಿ, ಪಂಪಿಗೆ ಡೀಸೆಲ್ ಬಾರದೆ ಗಾಡಿ ನಿಲ್ಲುತ್ತದೆ. ಎರಡು, ಪೈಪು ಎಲ್ಲೋ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು. ಮೂರು, ದಾರಿಯಲ್ಲಿ ಏನೋ ಅಡ್ಡ ಕೂತಿರಬಹುದು.

ಪೈಪುಗಳನ್ನು ಮೊದಲಿನಂತೆ ಜೋಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಧೂಳು ಬೀಳದಂತೆ ಮೇಲೆ ತೆಳು ಜಾಲರಿ ಇಟ್ಟು ಓಡಿಸಿದೆವು. 21 ನಿಮಿಷಕ್ಕೆ ನಿಂತಿತು. ಉಸಿರಿನ ತೂತು ಕಾರಣ ಅಲ್ಲ.

ಆಮೇಲೆ ಫೀಡ್ ಪಂಪಿಗೆ ಬರುವ ಕಡೆ ಒಂದು ಗೇಣು ಮೆತ್ತನೆಯ ಪಾರದರ್ಶಕ ಪೈಪು ಹಾಕಿದೆ. ಪೈಪಿನಲ್ಲಿ ಗುಳ್ಳೆ ಓಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಇಲ್ಲಿ ಒಂದು ತಮಾಷೆ ಇದೆ. ಎಳೆಯುವ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರಲೇಬೇಕು ಅಂತಿಲ್ಲ. ನೆಲ ಒಣಗಿದೆ, ಪೈಪು ಸರಿ ಇದೆ ಅಂತ ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಮತ್ತೆ ಸ್ಟಾರ್ಟ್. ಪುಟ್ಟಿ ದೂರ ಕೂತು ಗಡಿಯಾರ ಹಿಡಿದಳು. ನಾನು ಪೈಪಿನ ಮೇಲೆ ಕಣ್ಣಿಟ್ಟೆ. ಇಪ್ಪತ್ತನೇ ನಿಮಿಷದ ಹತ್ತಿರ ಒಂದು ಗುಳ್ಳೆಯೂ ಇಲ್ಲ. ಆದರೆ ಮೆತ್ತನೆಯ ಪೈಪು ನಿಧಾನವಾಗಿ ಚಪ್ಪಟೆಯಾಗತೊಡಗಿತು! ಹುಣಸೆಹಣ್ಣು ಚೀಪುವಾಗ ಕೆನ್ನೆ ಒಳಗೆ ಹೋಗುತ್ತದಲ್ಲ, ಹಾಗೆ. ಇಂಜಿನ್ ಜಗ್ಗಿ ನಿಂತಿತು.

ಗಾಳಿ ಎಳೆದರೆ ಗುಳ್ಳೆ. ಅಡ್ಡ ಕಟ್ಟಿದರೆ ಚಪ್ಪಟೆ. ಅಲ್ಲಿಗೆ ಮೂರನೆಯದೇ ನಿಜ. ದಾರಿಯಲ್ಲಿ ಏನೋ ಕೂತಿದೆ.

ಗಾಡಿ ನಿಂತ ಕೂಡಲೇ ಪೈಪು ಬಿಚ್ಚಿ, ಕಾಲಲ್ಲಿ ಒತ್ತುವ ಗಾಳಿ ಪಂಪಿನಿಂದ ಟ್ಯಾಂಕಿನ ಕಡೆಗೆ ಮೆಲ್ಲಗೆ ಗಾಳಿ ಬಿಟ್ಟೆ. ಮೊದಲು ಬಿಗಿ ಅನ್ನಿಸಿತು. ಆಮೇಲೆ ಒಮ್ಮೆಲೇ ಟ್ಯಾಂಕಿನೊಳಗೆ ಬುಡಬುಡ ಸದ್ದು. ಪೈಪು ಜೋಡಿಸಿ, ಏರ್ ತೆಗೆದು ಸೆಲ್ಫ್ ಹೊಡೆದೆ. ಕಾಯುವುದೇ ಬೇಡ, ಆಗಲೇ ಸ್ಟಾರ್ಟ್!

‘ಹಾಗಾದ್ರೆ ಹತ್ತು ನಿಮಿಷ ಬಿಟ್ಟಾಗ ಅದು ತಾನಾಗಿ ಕಳಚಿ ಬೀಳ್ತಿತ್ತು!’ ಅಂದಳು ಪುಟ್ಟಿ. ಸರಿಯಾಗಿ ಹೇಳಿದಳು. ಪಂಪು ಎಳೆಯುವಾಗ ಏನೋ ತೇಲಿ ಬಂದು ಜಾಲರಿಗೆ ಅಂಟಿಕೊಳ್ಳುತ್ತದೆ. ಎಳೆತ ನಿಂತರೆ ಸಡಿಲವಾಗಿ ದೂರ ಹೋಗುತ್ತದೆ. ಗಾಡಿ ಬಿಸಿಯಾಗಿ ನಿಲ್ಲುತ್ತದೆ, ತಣಿದು ಹೊರಡುತ್ತದೆ ಅಂತ ನಾವೆಲ್ಲ ತಿಳಿದಿದ್ದೆವು. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮಧ್ಯಾಹ್ನ ಊಟ ಮಾಡಿ, ಟ್ಯಾಂಕ್ ಖಾಲಿ ಮಾಡಿ, ಮೇಲಿನ ತಟ್ಟೆಯ ಸ್ಕ್ರೂ ಬಿಚ್ಚಿ ಕೊಳವೆಯನ್ನು ಮೇಲೆತ್ತಿದೆ. ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಅಂಗೈ ಅರ್ಧದಷ್ಟು ಬಟ್ಟೆಯ ತುಂಡು. ತಂತಿಯ ಕೊಕ್ಕೆಯಿಂದ ಎತ್ತಿದೆ. ಡೀಸೆಲ್ ಕುಡಿದು ಕಂದಾಗಿತ್ತು. ಆದರೂ ಒಂದು ಅಂಚು ಹಸಿರು.

ಅಜ್ಜಿ ಬಂದು ಬಗ್ಗಿ ನೋಡಿದಳು. ‘ಇದು ನಿಮ್ಮ ಹಳೇ ಪಂಚೆ ಅಂಚಲ್ವಾ?’

ನೆನಪಾಯಿತು. ದೀಪಾವಳಿಗೆ ಮುಂಚೆ ಟ್ಯಾಂಕಿನ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಹೊಸದು ಸಿಗುವವರೆಗೆ ಇರಲಿ ಅಂತ ಹಳೇ ಪಂಚೆಯ ತುಂಡನ್ನು ಉಂಡೆ ಮಾಡಿ ಬಾಯಿಗೆ ತುರುಕಿದ್ದೆ. ತುರುಕಿದವನು ನಾನು. ಹೊಸ ಮುಚ್ಚಳ ಬಂದಾಗ ಎಳೆದು ತೆಗೆದವನೂ ನಾನೇ. ಜೀರ್ಣವಾದ ಬಟ್ಟೆ ಅರ್ಧ ಹರಿದು ಒಳಗೆ ಬಿದ್ದದ್ದು ನೋಡಲಿಲ್ಲ.

‘ತೊಂದರೆ ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಏನು ಬದಲಾಗಿತ್ತು’ ಅನ್ನುವುದೇ ಮೊದಲ ಪ್ರಶ್ನೆ ಆಗಬೇಕಿತ್ತು. ಅದನ್ನು ಕೇಳಿಕೊಂಡಿದ್ದರೆ 3,000 ರೂಪಾಯಿ ಉಳಿಯುತ್ತಿತ್ತು. ದುಡ್ಡು ಹೋಗಲಿ, ಒಬ್ಬ ಹುಡುಗನ ಮಾನ ಉಳಿಯುತ್ತಿತ್ತು.

ಸಂಜೆಯೇ ಅವನ ಮನೆಗೆ ಹೊರಟೆ. ಅಜ್ಜಿ ಬಾಗಿಲಲ್ಲಿ ತಡೆದಳು. ‘ಬೈದದ್ದು ಎಲ್ಲಿ?’

‘ಹಾಲಿನ ಕಟ್ಟೆ ಹತ್ತಿರ.’

‘ಎಷ್ಟು ಜನ ಇದ್ರು?’

ನನಗೆ ಅರ್ಥವಾಯಿತು. ಆ ಸಂಜೆ ಅವನ ಮನೆಗೆ ಹೋಗಿ, ‘ನಾಳೆ ಬೆಳಿಗ್ಗೆ ಒಂದು ಸಲ ಹಾಲಿನ ಕಟ್ಟೆಗೆ ಬಾ, ಓಡಿಸಲು ಅಲ್ಲ, ಸುಮ್ಮನೆ ಬಾ’ ಅಂತಷ್ಟೇ ಹೇಳಿದೆ. ಅವನ ತಾಯಿ ಒಳಗಿನಿಂದ ನೋಡುತ್ತಿದ್ದರು. ಚಹಾ ಕುಡಿಯಿರಿ ಅನ್ನಲಿಲ್ಲ. ಅನ್ನಬೇಕಾದ್ದೂ ಇಲ್ಲ.

ಮಾರನೇ ದಿನ ಅವನು ಬಂದ. ಅವೇ ಹನ್ನೊಂದು ಮನೆಯವರು ಕ್ಯಾನು ಹಿಡಿದು ನಿಂತಿದ್ದರು. ಬಟ್ಟೆಯ ತುಂಡನ್ನು ಎಲ್ಲರಿಗೂ ತೋರಿಸಿದೆ. ‘ಗಾಡಿ ನಿಲ್ಲುತ್ತಿದ್ದದ್ದು ಇದರಿಂದ. ಇದು ನನ್ನ ಪಂಚೆ. ಹಾಕಿದವನು ನಾನು. ಈ ಹುಡುಗನ ಮೇಲೆ ಹೊರಿಸಿದ್ದು ತಪ್ಪು. ಒಡೆದ ಹಾಲಿನ ದುಡ್ಡು ನಾನು ಕೊಡುತ್ತೇನೆ’ ಅಂದೆ. ಅವನ ಕಡೆ ತಿರುಗಿ, ‘ತಪ್ಪಾಯಿತಪ್ಪ, ಕ್ಷಮಿಸು’ ಅಂದೆ.

ಅವನು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಮೇಷ್ಟ್ರೇ, ಲೆಕ್ಕದಲ್ಲಿ ಬರೀ ಉತ್ತರ ಬರೆದರೆ ನೀವು ಮಾರ್ಕ್ ಕೊಡ್ತಿರಲಿಲ್ಲ. ಹೆಂಗೆ ಬಂತು ತೋರಿಸು ಅಂತಿದ್ರಿ’ ಅಂದ. ಅಷ್ಟೇ. ಕೀ ತಗೋ ಅಂದರೆ, ‘ಯೋಚನೆ ಮಾಡಿ ಹೇಳ್ತೀನಿ’ ಅಂತ ಹೋದ.

ಮೂರು ದಿನ ನಾನೇ ಹಾಲು ಸಾಗಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಅವನು ಬಂದು ಕೀ ಕೇಳಿದ. ಜೊತೆಗೆ ಒಂದು ಸಣ್ಣ ಪುಸ್ತಕ ತಂದಿದ್ದ. ‘ಹಾಕಿಸಿದ ಡೀಸೆಲ್, ಓಡಿದ ಕಿಲೋಮೀಟರ್ ಇದರಲ್ಲಿ ಬರೀತೀನಿ. ವಾರಕ್ಕೊಂದು ಸಲ ನೀವು ನೋಡಿ ಸಹಿ ಹಾಕಬೇಕು’ ಅಂದ. ಪ್ರತಿ ಶನಿವಾರ ಸಹಿ ಹಾಕುತ್ತಿದ್ದೇನೆ. ಒಂದೊಂದು ಸಹಿ ಹಾಕುವಾಗಲೂ ಹಸಿರು ಅಂಚು ನೆನಪಾಗುತ್ತದೆ.

ಮಕ್ಕಳೇ, ಇನ್ನು ನಿಮ್ಮ ಕೆಲಸ. ಎರಡು ಪ್ರಯೋಗ. ಎರಡಕ್ಕೂ ನೀರು ಸಾಕು, ಡೀಸೆಲ್ ಬೇಡ.

ಮೊದಲನೆಯದು. ಸೂಜಿ ಇಲ್ಲದ ಹೊಸ ಸಿರಿಂಜ್ ತಗೊಳ್ಳಿ. ಅರ್ಧದವರೆಗೆ ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಒಳಗೆ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಈಗ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಒತ್ತಿ. ಒಂಚೂರೂ ಅಲುಗುವುದಿಲ್ಲ. ಡೀಸೆಲ್ ಪೈಪಿನಿಂದ ಏರ್ ತೆಗೆಯುವುದು ಯಾಕೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಎರಡನೆಯದು. ಎಳನೀರು ಕುಡಿಯುವ ಎರಡು ಸ್ಟ್ರಾ ತಗೊಳ್ಳಿ. ಒಂದರ ಮೇಲ್ಭಾಗದಲ್ಲಿ, ನೀರಿಗೆ ಮುಳುಗದ ಜಾಗದಲ್ಲಿ, ದೊಡ್ಡವರಿಂದ ಸೂಜಿಯಲ್ಲಿ ನಾಲ್ಕಾರು ತೂತು ಮಾಡಿಸಿ. ಎರಡರಲ್ಲೂ ನೀರು ಎಳೆದು ನೋಡಿ. ತೂತಿನದರಲ್ಲಿ ಗಾಳಿಯೇ ಹೆಚ್ಚು ಬರುತ್ತದೆ. ಎಳೆಯುವಾಗ ತೂತಿನಿಂದ ಹೊರಗೆ ನೀರು ಸೋರುತ್ತದೆಯೇ? ನೋಡಿ ಬರೆಯಿರಿ. ಆಮೇಲೆ ತೂತಿಲ್ಲದ ಸ್ಟ್ರಾದ ಕೆಳತುದಿಯನ್ನು ಬೆರಳಿನಿಂದ ಮುಚ್ಚಿ ಎಳೆಯಿರಿ. ನಿಮ್ಮ ಕೆನ್ನೆ ಏನಾಯಿತು? ತೆಳು ಸ್ಟ್ರಾ ಆದರೆ ಅದೇನಾಯಿತು?

ಅಜ್ಜ ಅಜ್ಜಿಯರ ಗಮನಕ್ಕೆ ನಾಲ್ಕು ಮಾತು. ಗಾಡಿ ಕೆಲಸದಲ್ಲಿ ಮಕ್ಕಳು ಬರೆಯಲಿ, ಎಣಿಸಲಿ, ಪ್ರಶ್ನೆ ಕೇಳಲಿ. ಸ್ಪ್ಯಾನರ್ ದೊಡ್ಡವರ ಕೈಯಲ್ಲೇ ಇರಲಿ. ಓಡುವ ಇಂಜಿನ್ನಿನ ಬೆಲ್ಟು, ಫ್ಯಾನಿನ ಹತ್ತಿರ ಮಕ್ಕಳ ಜಡೆ, ಪಂಚೆಯ ಚುಂಗು, ಸೆರಗು ಯಾವುದೂ ಹೋಗಬಾರದು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ, ಹೊಗೆ ಉಸಿರುಗಟ್ಟಿಸುತ್ತದೆ. ಡೀಸೆಲನ್ನು ಯಾವತ್ತೂ ಬಾಯಲ್ಲಿ ಎಳೆಯಬೇಡಿ. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ನಾಜಲ್ಲಿನ ಕಡೆಯ ಪೈಪು ಸೋರುತ್ತಿದ್ದರೆ ಬೆರಳಿಟ್ಟು ನೋಡಬೇಡಿ, ಆ ಒತ್ತಡದಲ್ಲಿ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಇಳಿಸಿದ ಡೀಸೆಲ್ ತೋಟಕ್ಕೆ, ಬಾವಿಯ ಹತ್ತಿರ ಚೆಲ್ಲಬೇಡಿ. ಈಗಿನ ಕಾಮನ್ ರೈಲ್ ಗಾಡಿಗಳ ಒತ್ತಡ ನಮ್ಮ ಹಳೆಯದರ ಎಷ್ಟೋ ಪಟ್ಟು. ಅದಕ್ಕೆ ಮನೆಮದ್ದು ಮಾಡದೆ ಬಲ್ಲ ಮೇಸ್ತ್ರಿಯ ಹತ್ತಿರವೇ ಹೋಗಿ. ಹೋಗುವಾಗ ಒಂದು ಚೀಟಿ ಒಯ್ಯಿರಿ. ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ, ಯಾವಾಗಿನಿಂದ ಶುರು. ಆ ಚೀಟಿಯಿಂದ ಅವರ ಅರ್ಧ ಕೆಲಸ ಮುಗಿಯುತ್ತದೆ, ನಿಮ್ಮ ಅರ್ಧ ದುಡ್ಡು ಉಳಿಯುತ್ತದೆ.

ಮತ್ತೆ ಟ್ಯಾಂಕಿನ ಮುಚ್ಚಳ ಕಳೆದರೆ ಬಟ್ಟೆ ತುರುಕಬೇಡಿ. ಬಾಯಿಯ ಮೇಲೆ ಶುದ್ಧವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿ, ಗಾಳಿಯಾಡಲು ಸೂಜಿಯಷ್ಟು ತೂತು ಬಿಟ್ಟು, ಅದೇ ದಿನ ಹೊಸ ಮುಚ್ಚಳ ತನ್ನಿ.

ಪುಟ್ಟಿ ಆ ಹಸಿರು ಅಂಚಿನ ತುಂಡನ್ನು ತೊಳೆದು ಒಣಗಿಸಿ ನೋಟ್‌ಬುಕ್ಕಿನ ಆ ಪುಟಕ್ಕೇ ಅಂಟಿಸಿದ್ದಾಳೆ. ಈಗಲೂ ಸ್ವಲ್ಪ ಡೀಸೆಲ್ ವಾಸನೆ ಬರುತ್ತದೆ. ಅಜ್ಜಿಗೆ ಆಗುವುದಿಲ್ಲ. ಆದರೂ ಎಸೆ ಅಂದಿಲ್ಲ.

ನಿಮ್ಮ ಮನೆಯಲ್ಲಿ ಮುನಿಸಿಕೊಂಡ ಯಂತ್ರ ಯಾವುದು? ಮಿಕ್ಸಿಯೋ, ಸೈಕಲ್ಲೋ, ನೀರಿನ ಪಂಪೋ? ಅಜ್ಜ ಅಜ್ಜಿಯ ಜೊತೆ ಕೂತು ಅದರ ದಾರಿಯನ್ನು ಹಾಳೆಯ ಮೇಲೆ ಬರೆಯಿರಿ. ನಡುವೆ ಒಂದು ಗೆರೆ ಎಳೆಯಿರಿ. ಏನು ಕಂಡಿತು ಅಂತ ನಮಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.